ಎಂಟಿವಿ ಮುಚ್ಚಿತೇ? ಹಾಡಿನ ವಿಡಿಯೊ ಈಗ ಯಾರ ಅಳತೆಗೆ ಹೊಲಿಸಿಕೊಳ್ಳುತ್ತಿದೆ

2026ರ ಹೊಸ ವರ್ಷದ ಶುಭಾಶಯಗಳ ನಡುವೆ ಜಾಲತಾಣಗಳಲ್ಲಿ ಒಂದು ಸಾವಿನ ಸುದ್ದಿಯೂ ಓಡಾಡಿತು: ‘ಎಂಟಿವಿ ಮುಚ್ಚಿತು’. ತೊಂಬತ್ತರ ದಶಕದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಶ್ರದ್ಧಾಂಜಲಿಯನ್ನೇ ಬರೆದರು. ಆದರೆ ಟಿವಿ ಹಾಕಿ ನೋಡಿದವರಿಗೆ ಎಂಟಿವಿ ಎಂದಿನಂತೆ ಬರುತ್ತಲೇ ಇತ್ತು. ಹಾಗಾದರೆ ಮುಚ್ಚಿದ್ದೇನು?

ಹೋದದ್ದು ಹಾಡು, ಉಳಿದದ್ದು ಹೆಸರು

ಡಿಸೆಂಬರ್ 31ರಂದು ಬ್ರಿಟನ್ನಿನಲ್ಲಿ ನಿಂತದ್ದು ಐದು ವಾಹಿನಿಗಳು: ಎಂಟಿವಿ ಮ್ಯೂಸಿಕ್, ಎಂಟಿವಿ 80ಸ್, ಎಂಟಿವಿ 90ಸ್, ಕ್ಲಬ್ ಎಂಟಿವಿ ಮತ್ತು ಎಂಟಿವಿ ಲೈವ್. ಇವು ಇಪ್ಪತ್ನಾಲ್ಕು ಗಂಟೆಯೂ ಹಾಡನ್ನೇ ಹಾಕುತ್ತಿದ್ದ ವಾಹಿನಿಗಳು. ಮಾಲೀಕ ಸಂಸ್ಥೆ ಪ್ಯಾರಾಮೌಂಟ್ 2025ರ ಆಗಸ್ಟ್‌ನಲ್ಲಿ ಸ್ಕೈಡಾನ್ಸ್ ಜೊತೆ ವಿಲೀನವಾಯಿತು. ಆಮೇಲೆ ಖರ್ಚು ಇಳಿಸುವ ಕೆಲಸ ಶುರುವಾಗಿ, ಕತ್ತರಿ ಇವುಗಳ ಮೇಲೂ ಬಿತ್ತು. ಬ್ರಿಟನ್ನಿನ ಮುಖ್ಯ ವಾಹಿನಿ ರಿಯಾಲಿಟಿ ಶೋಗಳನ್ನು ಹಾಕಿಕೊಂಡು ನಡೆಯುತ್ತಿದೆ. ಅಮೆರಿಕದ್ದೂ ಇದೆ, ನಮ್ಮದೂ ಇದೆ.

ಎಂಟಿವಿ ಮ್ಯೂಸಿಕ್ ಕಣ್ಣು ಮುಚ್ಚುವ ಮುನ್ನ ಹಾಕಿದ ಕೊನೆಯ ಹಾಡು ‘ವಿಡಿಯೊ ಕಿಲ್ಡ್ ದ ರೇಡಿಯೊ ಸ್ಟಾರ್’. 1981ರ ಆಗಸ್ಟ್ 1ರ ನಡುರಾತ್ರಿ ಅಮೆರಿಕದಲ್ಲಿ ಎಂಟಿವಿ ಕಣ್ಣು ಬಿಟ್ಟದ್ದೂ ಇದೇ ಹಾಡಿನಿಂದ. ರೇಡಿಯೊ ತಾರೆಯನ್ನು ವಿಡಿಯೊ ಕೊಂದಿತು ಎನ್ನುವ ಹಾಡಿನಿಂದಲೇ ವಿಡಿಯೊ ವಾಹಿನಿಯ ತಿಥಿಯೂ ಆಯಿತು. ಅದನ್ನು ಆರಿಸಿದವರಿಗೆ ತಮಾಷೆಯ ಪ್ರಜ್ಞೆ ಇತ್ತು ಅನ್ನಬೇಕು.

ಅದೇ ತಿಂಗಳ ಇನ್ನೊಂದು ಜಗಳ

ಈ ಸುದ್ದಿಯ ಅಬ್ಬರದಲ್ಲಿ, ಅದೇ ಡಿಸೆಂಬರ್‌ನಲ್ಲಿ ಬಂದ ಮತ್ತೊಂದು ಸುದ್ದಿ ಬದಿಗೆ ಸರಿಯಿತು. ಪರಿಣಾಮದ ದೃಷ್ಟಿಯಿಂದ ಅದೇ ದೊಡ್ಡದು. ಹಾಡು, ಆಲ್ಬಂಗಳ ಜನಪ್ರಿಯತೆಯನ್ನು ವಾರವಾರ ಅಳೆಯುವ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೆ ತನ್ನ ವೀಕ್ಷಣೆಯ ಲೆಕ್ಕವನ್ನು 2026ರ ಜನವರಿ 16ರ ನಂತರ ಕೊಡುವುದಿಲ್ಲ ಎಂದು ಯೂಟ್ಯೂಬ್ ಘೋಷಿಸಿತು.

ಜಗಳ ತೂಕದ್ದು. ದುಡ್ಡು ಕಟ್ಟಿ ಕೇಳುವವರ ಒಂದು ಆಲಿಕೆಗೆ ಬಿಲ್‌ಬೋರ್ಡ್ ಹೆಚ್ಚು ತೂಕ ಕೊಡುತ್ತದೆ, ಜಾಹೀರಾತು ಸಹಿಸಿಕೊಂಡು ಪುಕ್ಕಟೆ ಕೇಳುವವರದ್ದಕ್ಕೆ ಕಡಿಮೆ. ಹಳೆಯ ಲೆಕ್ಕದಲ್ಲಿ ದುಡ್ಡಿನ 1,250 ಆಲಿಕೆ ಸೇರಿದರೆ ಒಂದು ಆಲ್ಬಂ ಮಾರಿದಂತೆ. ಪುಕ್ಕಟೆಯದ್ದಾದರೆ 3,750 ಬೇಕು. ಜನವರಿಯಿಂದ ಅದನ್ನು 1,000 ಮತ್ತು 2,500ಕ್ಕೆ ಇಳಿಸಿದರು. ಅಂತರ ಮೂರು ಪಟ್ಟಿನಿಂದ ಎರಡೂವರೆ ಪಟ್ಟಿಗೆ ಬಂತು. ಯೂಟ್ಯೂಬ್‌ಗೆ ಇದು ಸಾಲಲಿಲ್ಲ. ಅಭಿಮಾನಿ ಅಂದರೆ ಅಭಿಮಾನಿ, ಎಲ್ಲ ಆಲಿಕೆಗೂ ಒಂದೇ ತೂಕ ಇರಲಿ ಎಂಬುದು ಅದರ ವಾದ. ದುಡ್ಡು ಕೊಟ್ಟು ಕೇಳುವುದಕ್ಕೂ ಪುಕ್ಕಟೆ ಕೇಳುವುದಕ್ಕೂ ವ್ಯತ್ಯಾಸ ಇದ್ದೇ ಇದೆ, ಉದ್ಯಮಕ್ಕೆ ಬರುವ ಹಣದಲ್ಲೂ ಅದು ಕಾಣುತ್ತದೆ ಎಂಬುದು ಬಿಲ್‌ಬೋರ್ಡ್‌ನ ವಾದ.

ಒಂದು ಕಡೆ ವಿಡಿಯೊ ಹಾಕುವ ವಾಹಿನಿಗೆ ಬೀಗ. ಇನ್ನೊಂದು ಕಡೆ ವಿಡಿಯೊ ನೋಡಿದವರನ್ನು ಹೇಗೆ ಎಣಿಸಬೇಕು ಎಂದು ಕಿತ್ತಾಟ. ಹಾಡಿನ ವಿಡಿಯೊ ಸತ್ತಿದೆಯೋ ಮೆರೆಯುತ್ತಿದೆಯೋ ಎಂದು ಓದುಗರು ಗೊಂದಲಪಡುವುದು ಸಹಜ. ಬಿಡಿಸಿಕೊಳ್ಳಬೇಕಾದರೆ ಒಂದು ಮಾತು ನೆನಪಿಟ್ಟುಕೊಂಡರೆ ಸಾಕು: ಹಾಡಿನ ವಿಡಿಯೊಗೆ ಸ್ವಂತ ಮನೆ ಇಲ್ಲ. ಅದು ಯಾವಾಗಲೂ ಬೇರೆಯವರ ಬಾಗಿಲಿನಿಂದ ಒಳಗೆ ಬರಬೇಕು. ಅದರ ಸಂಕೇತಗಳು, ರೂಢಿಗಳು ಹುಟ್ಟಿದ್ದು ಆಯಾ ಬಾಗಿಲಿನ ಅಳತೆಗೆ. ಬಾಗಿಲು ಬದಲಾದಾಗಲೆಲ್ಲ ಅವೂ ಬದಲಾಗಿವೆ.

ಪ್ರತಿನಿಧಿಯಾಗಿ ಹೋದ ವಿಡಿಯೊ

1975ರಲ್ಲಿ ಬ್ರಿಟನ್ನಿನ ಕ್ವೀನ್ ತಂಡ ‘ಬೊಹೀಮಿಯನ್ ರಾಪ್ಸೊಡಿ’ಗೆ ವಿಡಿಯೊ ಮಾಡಿಸಿದ್ದು ಕಲೆಯ ಹಂಬಲಕ್ಕಿಂತ ಅನುಕೂಲಕ್ಕೆ. ತಂಡ ಊರೂರು ಸುತ್ತುತ್ತಿತ್ತು. ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮಕ್ಕೆ ಖುದ್ದು ಹೋಗಿ ತುಟಿಯಾಡಿಸುವ ಬದಲು ಟೇಪು ಕಳಿಸಿದರೆ ಕೆಲಸ ಮುಗಿಯಿತು. ವಿಡಿಯೊ ಅಂದರೆ ಹಾಡುಗಾರರ ಪ್ರತಿನಿಧಿ.

ಎಂಟಿವಿ ಬಂದ ಮೇಲೆ ಈ ಪ್ರತಿನಿಧಿ ಮಾರಾಟಗಾರನೂ ಆದ. ಆರಂಭದಲ್ಲಿ ವಾಹಿನಿ ವಿಡಿಯೊಗಳಿಗೆ ದುಡ್ಡು ಕೊಡುತ್ತಿರಲಿಲ್ಲ. ಧ್ವನಿಮುದ್ರಿಕೆ ಕಂಪನಿಗಳೇ ಖರ್ಚು ಹಾಕಿ ಮಾಡಿಸಿ ತಂದುಕೊಡುತ್ತಿದ್ದವು. ಅಂಗಡಿಯಲ್ಲಿ ಕ್ಯಾಸೆಟ್ ಖರ್ಚಾಗಲಿ ಎಂಬುದೇ ಅವುಗಳ ಲಾಭ. ಈ ಒಂದು ವ್ಯವಹಾರದಿಂದ ಎಷ್ಟು ರೂಢಿಗಳು ಹುಟ್ಟಿಕೊಂಡವು ನೋಡಿ. ಮುಖದ ಕ್ಲೋಸಪ್ ಪದೇ ಪದೇ ಬರಬೇಕು, ಏಕೆಂದರೆ ಅದೇ ಮುಖ ಕ್ಯಾಸೆಟ್ಟಿನ ಹೊದಿಕೆಯ ಮೇಲೂ ಇದೆ. ಕೈಗವಸೋ ಟೋಪಿಯೋ ಕೂದಲ ಕಟ್ಟೋ ಒಂದು ಗುರುತು ವಿಡಿಯೊದಿಂದ ವಿಡಿಯೊಗೆ ಮುಂದುವರಿಯಬೇಕು, ಏಕೆಂದರೆ ನೋಡುವವರು ಚಾನೆಲ್ ಬದಲಿಸುತ್ತ ಅರೆಕ್ಷಣ ಕಂಡರೂ ಇಂಥವರೇ ಎಂದು ಹಿಡಿಯಬೇಕು. ವಿಡಿಯೊದ ಆರಂಭದಲ್ಲೂ ಕೊನೆಯಲ್ಲೂ ಪರದೆಯ ಕೆಳಮೂಲೆಯಲ್ಲಿ ಹಾಡುಗಾರರ ಹೆಸರು, ಹಾಡು, ಆಲ್ಬಂ, ಕಂಪನಿ ಕಾಣಬೇಕು, ಏಕೆಂದರೆ ಅದು ಅಂಗಡಿಗೆ ದಾರಿ ತೋರುವ ಚೀಟಿ. ನಿರ್ದೇಶಕರ ಹೆಸರು ಆ ಚೀಟಿ ಸೇರಲು 1992ರ ಕೊನೆಯವರೆಗೆ ಕಾಯಬೇಕಾಯಿತು.

ಬಾಗಿಲು ಕಾಯುವವರ ಪೂರ್ವಗ್ರಹವೂ ರೂಢಿಯಾಗಿಬಿಡುತ್ತದೆ. ಮೊದಲ ಎರಡು ವರ್ಷ ಎಂಟಿವಿಯಲ್ಲಿ ಕಪ್ಪು ಕಲಾವಿದರು ಅಪರೂಪ. ತಮ್ಮದು ರಾಕ್ ವಾಹಿನಿ ಎಂಬ ಸಮಜಾಯಿಷಿ ಸಿದ್ಧವಾಗಿತ್ತು. 1983ರಲ್ಲಿ ಬ್ರಿಟನ್ನಿನ ಗಾಯಕ ಡೇವಿಡ್ ಬೋವಿ ಅದೇ ವಾಹಿನಿಯ ಸಂದರ್ಶನದಲ್ಲಿ ಕೂತು ಯಾಕೆ ಹೀಗೆ ಎಂದು ನೇರವಾಗಿ ಕೇಳಿದರು. ಆ ವರ್ಷ ಮೈಕಲ್ ಜಾಕ್ಸನ್ನರ ‘ಬಿಲ್ಲಿ ಜೀನ್’ ಬಂತು, ಡಿಸೆಂಬರ್‌ನಲ್ಲಿ ಹದಿನಾಲ್ಕು ನಿಮಿಷದ ಹತ್ತಿರ ಹೋಗುವ ‘ಥ್ರಿಲ್ಲರ್’ ಬಂತು. ಅಷ್ಟು ಉದ್ದದ ವಿಡಿಯೊಗೆ ದುಡ್ಡು ಹೊಂದಿಸಿದ್ದೂ ಜಾಣತನದಿಂದಲೇ: ಅದರ ತಯಾರಿಕೆಯ ಕಥೆಯನ್ನೇ ಒಂದು ಸಾಕ್ಷ್ಯಚಿತ್ರ ಮಾಡಿ ಟಿವಿಯವರಿಗೆ ಮಾರಿದರು. ಇವತ್ತಿನ ‘ಮೇಕಿಂಗ್ ವಿಡಿಯೊ’ಗಳ ಅಜ್ಜ ಅದು.

ಕಿವಿ ಮೊದಲೋ ಕಣ್ಣು ಮೊದಲೋ

ವಿಡಿಯೊಗಳ ವ್ಯಾಕರಣವನ್ನು ಪಟ್ಟಿ ಮಾಡಿದ ವಿದ್ವಾಂಸರಲ್ಲಿ ಹೆಚ್ಚು ಬಳಕೆಯಲ್ಲಿರುವ ಹೆಸರು ಆ್ಯಂಡ್ರೂ ಗುಡ್ವಿನ್. 1992ರಲ್ಲಿ ಬಂದ ಅವರ ಅಧ್ಯಯನ ಅಂದಿನ ವಾದವೊಂದನ್ನು ತಿರುಗಿಸಿ ಹಾಕಿತು. ಅಲ್ಲಿಯವರೆಗೆ ಚಿತ್ರಗಳನ್ನೇ ನೋಡಿ, ಇವು ಅರ್ಥವಿಲ್ಲದೆ ಹರಿಯುವ ತುಣುಕುಗಳು ಎಂದು ವಿವರಿಸುವವರು ಹೆಚ್ಚಿದ್ದರು. ಕಣ್ಣು ಮುಚ್ಚಿ ಹಾಡು ಕೇಳಿ, ಆಮೇಲೆ ಚಿತ್ರ ನೋಡಿ, ಅರ್ಥವಿಲ್ಲದ ಜಿಗಿತಗಳು ತಾಳಕ್ಕೆ ಕೂಡಿಕೊಳ್ಳುತ್ತವೆ ಎಂಬುದು ಗುಡ್ವಿನ್ನರ ವಾದದ ಸಾರ.

ಸಾಹಿತ್ಯಕ್ಕೂ ಚಿತ್ರಕ್ಕೂ ಮೂರು ಬಗೆಯ ನಂಟು ಇರಬಹುದು ಎಂದರು ಅವರು. ಮಳೆ ಎಂದಾಗ ಮಳೆಯನ್ನೇ ತೋರಿಸುವುದು ಒಂದು. ಸಾಲಿನಲ್ಲಿ ಇಲ್ಲದ್ದನ್ನು ಸೇರಿಸಿ ಅರ್ಥ ಹಿಗ್ಗಿಸುವುದು ಇನ್ನೊಂದು. ಹಾಡು ಒಂದು ಹೇಳುವಾಗ ಚಿತ್ರ ಅದರ ವಿರುದ್ಧ ದಿಕ್ಕಿಗೆ ಎಳೆಯುವುದು ಮೂರನೆಯದು.

ಮೊದಲನೆಯದು ಸುಲಭ, ಹಾಗಾಗಿಯೇ ಬೇಗ ಹಳಸುತ್ತದೆ. ಕಣ್ಣು ಎಂದಾಗ ಕಣ್ಣು, ಹೂವು ಎಂದಾಗ ಹೂವು ತೋರಿಸುವ ವಿಡಿಯೊ ನೋಡುವವರಿಗೆ ಮಾಡಲು ಏನನ್ನೂ ಉಳಿಸುವುದಿಲ್ಲ. ಎರಡನೆಯದಕ್ಕೆ ನಾರ್ವೆಯ ಅಹಾ ತಂಡದ ‘ಟೇಕ್ ಆನ್ ಮಿ’ಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಈ ಹಾಡು 1984ರಲ್ಲಿ ಮಾಮೂಲಿ ವಿಡಿಯೊದೊಂದಿಗೆ ಬಂದು ನೆಲಕಚ್ಚಿತು. ಹಾಡನ್ನು ಮತ್ತೆ ಧ್ವನಿಮುದ್ರಿಸಿ, 1985ರಲ್ಲಿ ಸ್ಟೀವ್ ಬ್ಯಾರನ್ ನಿರ್ದೇಶನದ ಹೊಸ ವಿಡಿಯೊ ಕೊಟ್ಟರು. ಹೋಟೆಲಿನಲ್ಲಿ ಕಾಮಿಕ್ಸ್ ಓದುತ್ತ ಕೂತ ಹುಡುಗಿ. ಪುಟದ ಪೆನ್ಸಿಲ್ ಚಿತ್ರದೊಳಗಿಂದ ಹುಡುಗ ಕಣ್ಣು ಮಿಟುಕಿಸುತ್ತಾನೆ. ಕೈ ಒಂದು ಪುಟದಿಂದ ಹೊರಗೆ ಚಾಚುತ್ತದೆ. ಅವಳು ಒಳಗೆ ಹೋಗುತ್ತಾಳೆ. ಸಾಹಿತ್ಯದಲ್ಲಿ ಕಾಮಿಕ್ಸೂ ಇಲ್ಲ, ಪೆನ್ಸಿಲ್ಲೂ ಇಲ್ಲ. ಇರುವುದು ‘ನನ್ನನ್ನು ಸೇರಿಸಿಕೋ, ಇನ್ನೊಂದೆರಡು ದಿನದಲ್ಲಿ ಇಲ್ಲಿರುವುದಿಲ್ಲ’ ಎಂಬ ಆತುರ ಮಾತ್ರ. ಅಳಿಸಿಹೋಗಬಹುದಾದ ಗೆರೆಗಳ ಹುಡುಗ ಆ ಆತುರಕ್ಕೆ ಮೈ ಕೊಟ್ಟ. ಚಿತ್ರೀಕರಿಸಿದ ಚೌಕಟ್ಟುಗಳ ಮೇಲೆ ಸುಮಾರು 3,000 ಚಿತ್ರಗಳನ್ನು ಕೈಯಿಂದ ಬರೆಯಲು 16 ವಾರ ಹಿಡಿಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಹಾಡು ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಹೊಸ ಧ್ವನಿಮುದ್ರಣದ ಪಾಲೂ ಅದರಲ್ಲಿದೆ, ನಿಜ. ಆದರೆ ಇವತ್ತು ಆ ಹಾಡು ಕಿವಿಗೆ ಬಿದ್ದರೆ ಪೆನ್ಸಿಲ್ ಗೆರೆ ಕಾಣದೆ ಇರುವವರು ಕಡಿಮೆ.

ಮೂರನೆಯ ಬಗೆಗೆ 2018ರ ‘ದಿಸ್ ಈಸ್ ಅಮೆರಿಕ’ ನೋಡಬೇಕು. ಹಾಡುಗಾರ ಚೈಲ್ಡಿಶ್ ಗ್ಯಾಂಬಿನೊ ಮುಂದೆ ಶಾಲಾ ಮಕ್ಕಳೊಂದಿಗೆ ಕುಣಿಯುತ್ತಿದ್ದರೆ ಹಿಂದೆ ಜನ ಓಡುತ್ತಿದ್ದಾರೆ, ಬೆಂಕಿ ಹೊತ್ತಿದೆ. ಕಣ್ಣು ಕುಣಿತವನ್ನು ಬಿಟ್ಟು ಹಿಂದಕ್ಕೆ ಹೋಗುವುದೇ ಇಲ್ಲ. ಹಾಗೆ ಹೋಗದಿರುವುದೇ ವಿಡಿಯೊ ನಮ್ಮ ಮೇಲೆ ಹೊರಿಸುವ ಆರೋಪ.

ಕತ್ತರಿ ಎಲ್ಲಿ ಬೀಳಬೇಕು

ತಾಳಕ್ಕೆ ಸರಿಯಾಗಿ ಶಾಟ್ ಬದಲಾಗಬೇಕು ಎಂಬುದು ಸಂಕಲನದ ಮೊದಲ ಪಾಠ. ಅದನ್ನೇ ಪ್ರತಿ ಪೆಟ್ಟಿಗೂ ಪಾಲಿಸಿದರೆ ವಿಡಿಯೊ ಹಿಟ್ಟಿನ ಗಿರಣಿಯ ಹಾಗೆ ಟಕಟಕ ಎನ್ನುತ್ತದೆ. ಪಳಗಿದ ಸಂಕಲನಕಾರರು ಕೆಲವೆಡೆ ಪೆಟ್ಟಿಗಿಂತ ಒಂದು ಎಳೆ ಮೊದಲೇ ಕತ್ತರಿಸುತ್ತಾರೆ, ಕೆಲವೆಡೆ ಸಾಲು ಮುಗಿದು ಉಸಿರು ತೆಗೆದುಕೊಳ್ಳುವವರೆಗೂ ಶಾಟ್ ಹಿಡಿದಿಡುತ್ತಾರೆ. ಪಲ್ಲವಿ ಮರಳಿದಾಗ ಹಳೆಯ ಜಾಗವೂ ಮರಳುತ್ತದೆ, ಚರಣಕ್ಕೆ ಕಥೆ ಮುಂದೆ ಹೋಗುತ್ತದೆ. ಹಾಡಿನ ಕಟ್ಟಡವೇ ದೃಶ್ಯಕ್ಕೂ ನಕ್ಷೆ.

ಇದರಲ್ಲಿ ಕಣ್ಣಿಗೆ ಬೀಳದ ಒಂದು ಕೈಚಳಕವಿದೆ. ನಾಯಕ ನಿಧಾನಗತಿಯಲ್ಲಿ ನಡೆದು ಬರುತ್ತಾನೆ. ಸೆರಗು, ಕೂದಲು, ಧೂಳು ಎಲ್ಲ ತೇಲುತ್ತವೆ. ತುಟಿ ಮಾತ್ರ ಹಾಡಿಗೆ ಸರಿಯಾಗಿ ಆಡುತ್ತದೆ. ಹೇಗೆ? ಸೆಟ್ಟಿನಲ್ಲಿ ಕ್ಯಾಮೆರಾ ಸೆಕೆಂಡಿಗೆ 24ರ ಬದಲು 48 ಚೌಕಟ್ಟು ಓಡುತ್ತದೆ, ನಾಗ್ರಾ ಎಂಬ ಟೇಪ್ ಯಂತ್ರದಲ್ಲಿ ಹಾಡನ್ನೂ ಎರಡರಷ್ಟು ವೇಗಕ್ಕೆ ಹಾಕುತ್ತಾರೆ. ಕಾರ್ಟೂನಿನ ಚಿಂವ್‌ಚಿಂವ್ ದನಿಗೆ ನಟ ಗಂಭೀರ ಮುಖ ಇಟ್ಟುಕೊಂಡು ಸರಸರ ತುಟಿಯಾಡಿಸಬೇಕು. ಆಮೇಲೆ 24ಕ್ಕೆ ಇಳಿಸಿದಾಗ ತುಟಿ ಹಾಡಿಗೆ ಕೂಡುತ್ತದೆ, ಮೈ ಮಾತ್ರ ಕನಸಿನಲ್ಲಿ ನಡೆದಂತಿರುತ್ತದೆ. ಪರದೆಯ ಮೇಲೆ ವಿರಹದಂತೆ ಕಾಣುವುದು ಸೆಟ್ಟಿನಲ್ಲಿ ನಗು ತಡೆಯುವ ಕಸರತ್ತು.

ನೋಟ ಯಾರದ್ದು

1986ರಲ್ಲಿ ರಾಬರ್ಟ್ ಪಾಮರ್ ಹಾಡಿದ ವಿಡಿಯೊ ಒಂದರಲ್ಲಿ ಒಂದೇ ಥರದ ಕಪ್ಪು ಉಡುಪು, ಒಂದೇ ಥರದ ಕೆಂಪು ತುಟಿಯ ಹೆಂಗಸರು ಭಾವವಿಲ್ಲದ ಮುಖದಲ್ಲಿ ವಾದ್ಯ ಹಿಡಿದು ನಿಂತಿದ್ದರು. 1999ರಲ್ಲಿ ಶನಾಯಾ ಟ್ವೇನ್ ಅದೇ ದೃಶ್ಯವನ್ನು ತಿರುಗಿಸಿದರು: ಹಾಡುವವಳು ಹೆಂಗಸು, ಹಿಂದೆ ಗೊಂಬೆಗಳಂತೆ ನಿಂತವರು ಗಂಡಸರು. ಒಂದು ವಿಡಿಯೊ ಇನ್ನೊಂದನ್ನು ಕೆಣಕುವುದೂ ಒಂದು ರೂಢಿಯೇ. ಹಳೆಯದನ್ನು ಬಲ್ಲವರಿಗೆ ಹೊಸದು ಎರಡು ಪಟ್ಟು ರುಚಿ. ನಮ್ಮ ಸಿನಿಮಾಗಳ ‘ಐಟಂ ಸಾಂಗ್’ಗಳಲ್ಲಿ ಕ್ಯಾಮೆರಾ ಮುಖಕ್ಕಿಂತ ಮೊದಲು ಸೊಂಟಕ್ಕೆ ಹೋಗುವ ಚಾಳಿಗೆ ಇಂಥದ್ದೊಂದು ಚುರುಕಾದ ಉತ್ತರ ಇನ್ನೂ ಬರಬೇಕಿದೆ.

ಕನ್ನಡದಲ್ಲಿ ದನಿ ಒಬ್ಬರದು, ಮುಖ ಇನ್ನೊಬ್ಬರದು

ಇಲ್ಲಿಯವರೆಗಿನ ವ್ಯಾಕರಣವನ್ನು ಹಾಗೇ ಎತ್ತಿ ಕನ್ನಡದ ಹಾಡುಗಳಿಗೆ ಹಚ್ಚಿದರೆ ತಪ್ಪಾಗುತ್ತದೆ. ಎಂಟಿವಿಯ ಬುನಾದಿ ಇದ್ದದ್ದು ಹಾಡಿದವರೇ ಕಾಣುತ್ತಾರೆ ಎಂಬಲ್ಲಿ. ನಮ್ಮಲ್ಲಿ ಹಿನ್ನೆಲೆ ಗಾಯನ ಆ ಬುನಾದಿಯನ್ನೇ ಬೇರೆ ಮಾಡಿತ್ತು. ರಾಜ್‌ಕುಮಾರ್ ಅವರ ಮುಖಕ್ಕೆ ಪಿ.ಬಿ. ಶ್ರೀನಿವಾಸ್ ಅವರ ದನಿಯನ್ನು ಒಂದು ತಲೆಮಾರು ಒಪ್ಪಿ ಹೃದಯಕ್ಕೆ ಹಚ್ಚಿಕೊಂಡಿತ್ತು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್ ಹಾಡಿದ ಮೇಲೆ ದನಿಯೂ ಮುಖವೂ ಒಂದಾದದ್ದು ಅಷ್ಟು ದೊಡ್ಡ ಘಟನೆಯಾಗಿ ಉಳಿದಿರುವುದು, ಆ ಎರಡು ಬೇರೆಯಾಗಿರುವುದೇ ಇಲ್ಲಿ ನಿಯಮವಾಗಿದ್ದರಿಂದ.

ಹಾಗಾಗಿ ನಮ್ಮ ಹಾಡಿನ ದೃಶ್ಯ ಗಾಯಕರನ್ನು ಮಾರಲಿಲ್ಲ; ಸಿನಿಮಾವನ್ನು, ಅದರ ತಾರೆಯನ್ನು ಮಾರಿತು. ದೂರದರ್ಶನದ ‘ಚಿತ್ರಮಂಜರಿ’ಗೆ ಕಾದು ಕೂತವರು ನೋಡುತ್ತಿದ್ದದ್ದು ಸಿನಿಮಾದಿಂದ ಬಿಡಿಸಿದ ತುಣುಕನ್ನು. ಮುಂದೆ ಉದಯ ಮ್ಯೂಸಿಕ್, ಪಬ್ಲಿಕ್ ಮ್ಯೂಸಿಕ್‌ನಂಥ ವಾಹಿನಿಗಳು ಬಂದಾಗಲೂ ಸರಕು ಅದೇ. ಎಂಟಿವಿಯ ಕೆಳಮೂಲೆಯ ಚೀಟಿಯಲ್ಲಿ ಮೊದಲ ಸಾಲು ಗಾಯಕರದ್ದು. ಇವತ್ತಿಗೂ ಕನ್ನಡದ ಆಡಿಯೊ ಕಂಪನಿಯ ಯೂಟ್ಯೂಬ್ ಶೀರ್ಷಿಕೆ ತೆರೆದು ನೋಡಿ: ಹಾಡಿನ ಮೊದಲ ಪದ, ಆಮೇಲೆ ‘ವಿಡಿಯೊ ಸಾಂಗ್’, ಒಂದು ನಿಂತ ಗೆರೆ, ಸಿನಿಮಾದ ಹೆಸರು, ಗೆರೆ, ನಾಯಕ, ನಾಯಕಿ, ಗೆರೆ, ನಿರ್ದೇಶಕ, ಸಂಗೀತ ನಿರ್ದೇಶಕ, ಕೊನೆಗೆ ಕಂಪನಿ. ಹಾಡಿದವರು ಎಷ್ಟೋ ಸಲ ಆ ಸಾಲಿನಲ್ಲಿ ಜಾಗ ಸಿಗದೆ ಕೆಳಗಿನ ವಿವರಣೆಯಲ್ಲಿ ಕೂತಿರುತ್ತಾರೆ.

ಎಂಟಿವಿಯ ಹಳೆಯ ವ್ಯಾಕರಣ ಕನ್ನಡದಲ್ಲಿ ಹೆಚ್ಚುಕಡಿಮೆ ಇದ್ದಂತೆಯೇ ಕಾಣುವುದು ರ್‍ಯಾಪ್‌ನಲ್ಲಿ. ಚಂದನ್ ಶೆಟ್ಟಿ, ಆಲ್ ಓಕೆ ಮುಂತಾದವರ ವಿಡಿಯೊಗಳಲ್ಲಿ ಹಾಡಿದವರೇ ನಾಯಕರು. ಕಾರು, ಬೀದಿ, ಸುತ್ತ ಗೆಳೆಯರ ಗುಂಪು, ಕೆಳಗಿನಿಂದ ಮೇಲಕ್ಕೆ ನೋಡುವ ಕ್ಯಾಮೆರಾ, ಲೆನ್ಸಿನತ್ತ ಬೆರಳು ಚಾಚಿ ಮಾತಾಡುವ ಠೀವಿ. ಸಿನಿಮಾದ ಹಂಗಿಲ್ಲದ ಕಡೆ ಮುಖ ಮತ್ತೆ ದನಿಯ ಪಕ್ಕಕ್ಕೆ ಬಂದಿದೆ.

ಲಿರಿಕಲ್ ವಿಡಿಯೊ ಎಂಬ ಕೊರತೆಯ ಕೂಸು

ನಮ್ಮ ಕಾಲದ ಅತಿ ದೊಡ್ಡ ರೂಢಿ ಲಿರಿಕಲ್ ವಿಡಿಯೊ. ಪರದೆಯ ಮೇಲೆ ಅಕ್ಷರ ತೋರಿಸುವುದು ಹೊಸದೇನಲ್ಲ. 1965ರಲ್ಲೇ ಬಾಬ್ ಡಿಲನ್ ಲಂಡನ್ನಿನ ಓಣಿಯೊಂದರಲ್ಲಿ ನಿಂತು, ಹಾಡಿನ ಪದಗಳನ್ನು ಬರೆದ ರಟ್ಟುಗಳನ್ನು ಒಂದೊಂದಾಗಿ ಬೀಳಿಸಿದ್ದರು. ತುಟಿ ಆಡಿಸುವ ಗೋಜಿಗೂ ಹೋಗಿರಲಿಲ್ಲ.

ದಕ್ಷಿಣದ ಸಿನಿಮಾ ಇದನ್ನು ಅಪ್ಪಿಕೊಂಡದ್ದು ಬೇರೆ ಕಾರಣಕ್ಕೆ. 2011ರ ನವೆಂಬರ್‌ನಲ್ಲಿ ತಮಿಳಿನ ‘ಕೊಲವೆರಿ’ ಹಾಡಿನ ಕಚ್ಚಾ ರೂಪ ಅಂತರ್ಜಾಲಕ್ಕೆ ಸೋರಿಹೋಯಿತು. ಅವಸರಕ್ಕೆ ತಂಡದವರು ಸ್ಟುಡಿಯೊದಲ್ಲಿ ಧನುಷ್ ಹಾಡುವ, ಅನಿರುದ್ಧ್ ಜೊತೆಗಿರುವ ದೃಶ್ಯಗಳನ್ನೇ ಸೇರಿಸಿ ಅಧಿಕೃತವಾಗಿ ಬಿಟ್ಟರು. ಅದು ದೇಶ ದಾಟಿ ಹರಡಿತು. ಸಿನಿಮಾದ ಒಂದು ಚೌಕಟ್ಟೂ ಖರ್ಚಾಗದೆ ಹಾಡು ಗೆದ್ದದ್ದನ್ನು ಎಲ್ಲ ನಿರ್ಮಾಪಕರೂ ನೋಡಿದರು.

ಲೆಕ್ಕ ಸರಳ. ಹಾಡು ಸಿನಿಮಾಕ್ಕಿಂತ ವಾರಗಟ್ಟಲೆ ಮೊದಲೇ ಹೊರಬರಬೇಕು. ಆದರೆ ದೊಡ್ಡ ಸೆಟ್ಟು, ವೇಷ, ಕುಣಿತ ಎಲ್ಲವನ್ನೂ ಆಗಲೇ ಬಿಟ್ಟುಕೊಟ್ಟರೆ ಚಿತ್ರಮಂದಿರಕ್ಕೆ ಬರಲು ಕಾರಣ ಏನುಳಿಯಿತು? ಹಾಗಾಗಿ ಪೋಸ್ಟರಿನ ಸ್ಥಿರಚಿತ್ರ, ಅಲ್ಲಲ್ಲಿ ಎರಡು ಸೆಕೆಂಡಿನ ತುಣುಕು, ಉಳಿದಂತೆ ಓಡುವ ಅಕ್ಷರ. ಬಿಡುಗಡೆಯಾದ ಮೇಲೆ ‘ಫುಲ್ ವಿಡಿಯೊ ಸಾಂಗ್’. ಒಂದೇ ಹಾಡು ಎರಡು ಸಲ ಸುದ್ದಿ, ಎರಡು ಸಲ ವೀಕ್ಷಣೆ.

ಈ ಜುಗ್ಗತನದಿಂದ ಒಂದೆರಡು ಒಳ್ಳೆಯದೂ ಆಗಿದೆ. ಗೀತರಚನಕಾರರ ಹೆಸರು ಮೊದಲ ಸೆಕೆಂಡುಗಳಲ್ಲೇ ದೊಡ್ಡದಾಗಿ ಕಾಣುವಂತಾಯಿತು. ಸಾಲು ಕಣ್ಣ ಮುಂದೆ ಓಡುವುದರಿಂದ ತಪ್ಪು ಕೇಳಿಸಿಕೊಂಡು ತಪ್ಪೇ ಹಾಡುವುದು ಕಡಿಮೆಯಾಯಿತು. ಕಾಗುಣಿತ ತಪ್ಪಿದ್ದರೆ ಕೆಳಗೆ ಜನ ಹಿಡಿದು ಜಾಡಿಸುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಸಾಲು ಬರೆಯುವ ವಿಡಿಯೊಗಳಂತೂ ಬಿಸಿಬಿಸಿ ಚರ್ಚೆಯ ವಸ್ತು. ಕನ್ನಡ ಲಿಪಿಯನ್ನೇ ಬಿಟ್ಟುಬಿಟ್ಟಿರಿ ಎಂದು ಒಂದು ಕಡೆಯವರು. ಬೇರೆ ರಾಜ್ಯದಲ್ಲಿ ಬೆಳೆದ, ಮಾತು ಬಂದರೂ ಓದು ಬಾರದ ನಮ್ಮ ಮಕ್ಕಳು ಹಾಡುವುದು ಹೇಗೆ ಎಂದು ಇನ್ನೊಂದು ಕಡೆಯವರು. ಎರಡೂ ಲಿಪಿಯನ್ನು ಒಂದರ ಕೆಳಗೊಂದು ಹಾಕುವುದು ಪರಿಹಾರ. ಆಗ ಚಿತ್ರಕ್ಕೆ ಪರದೆಯಲ್ಲಿ ಉಳಿಯುವ ಜಾಗ ಮಾತ್ರ ಇನ್ನಷ್ಟು ಕಿರಿದಾಗುತ್ತದೆ.

ಪರದೆ ಎದ್ದು ನಿಂತಾಗ

2020ರ ಜೂನ್ 29ರಂದು ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಹತ್ತು ದಿನ ಕಳೆಯುವುದರೊಳಗೆ ಇನ್‌ಸ್ಟಾಗ್ರಾಂ ಇಲ್ಲಿ 15 ಸೆಕೆಂಡಿನ ರೀಲ್ಸ್ ತಂದಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸನ್ನು ಮೊದಲು ಪ್ರಯೋಗಿಸಿದ್ದೂ ಭಾರತದಲ್ಲೇ. ಈಗ ಎರಡರಲ್ಲೂ ಮೂರು ನಿಮಿಷದಷ್ಟು ಉದ್ದದ್ದನ್ನೂ ಹಾಕಬಹುದು. ಆದರೂ ಹದಿನೈದು ಸೆಕೆಂಡಿನ ಅಭ್ಯಾಸ ಬೆರಳಿಗೆ ಅಂಟಿಕೊಂಡುಬಿಟ್ಟಿದೆ.

ಇದರಿಂದ ಎರಡು ಬದಲಾವಣೆಗಳು ಒಟ್ಟಿಗೆ ಬಂದವು. ಮೊದಲನೆಯದು ಸಮಯದ್ದು. ಟಿವಿಯಲ್ಲಿ ಹಾಡು ಶುರುವಾದರೆ ಜನ ಅರ್ಧ ನಿಮಿಷವಾದರೂ ಕಾಯುತ್ತಿದ್ದರು. ಬೆಟ್ಟ, ಮಂಜು, ಕೊಳಲಿನ ಒಂದು ಎಳೆ, ಆಮೇಲೆ ನಾಯಕಿಯ ನೆರಳು. ಫೋನಿನಲ್ಲಿ ಮೊದಲ ಮೂರು ಸೆಕೆಂಡಿನಲ್ಲಿ ಏನೂ ಆಗದಿದ್ದರೆ ಹೆಬ್ಬೆರಳು ಮೇಲಕ್ಕೆ ತಳ್ಳುತ್ತದೆ. ಆದ್ದರಿಂದ ಆರಂಭದ ವಾದ್ಯಭಾಗ ಮೊಟಕಾಯಿತು, ಪಲ್ಲವಿ ಮುಂದಕ್ಕೆ ಬಂತು, ಎಷ್ಟೋ ಹಾಡುಗಳಲ್ಲಿ ಎರಡನೇ ಚರಣವೇ ಮಾಯವಾಯಿತು.

ಎರಡನೆಯದು ಚೌಕಟ್ಟಿನದ್ದು. ಅಡ್ಡ ಪರದೆಯಲ್ಲಿ ನಾಯಕನ ಎರಡೂ ಪಕ್ಕ ನೂರು ಜನ ಸಹನರ್ತಕರು ಸಾಲಾಗಿ ನಿಲ್ಲಬಹುದಿತ್ತು. ಉದ್ದ ನಿಂತ ಪರದೆಯಲ್ಲಿ ಒಬ್ಬರಿಗೆ ಜಾಗ, ಹೆಚ್ಚೆಂದರೆ ಇಬ್ಬರಿಗೆ. ಕುಣಿತ ಕಾಲಿನಿಂದ ಹೆಗಲಿಗೆ, ಕೈಗೆ, ಕತ್ತಿಗೆ ಏರಿತು. ‘ಹುಕ್ ಸ್ಟೆಪ್’, ಅಂದರೆ ಹಾಡಿನ ಗುರುತಾಗುವ ಹೆಜ್ಜೆ, ಈಗ ಮನೆಯ ಹಾಲ್‌ನಲ್ಲಿ, ಕಾಲೇಜಿನ ಕಾರಿಡಾರ್‌ನಲ್ಲಿ, ಸೀರೆ ಉಟ್ಟುಕೊಂಡೂ ಮಾಡಲು ಬರುವಂತಿರಬೇಕು. 2022ರಲ್ಲಿ ‘ವಿಕ್ರಾಂತ್ ರೋಣ’ದ ‘ರಾ ರಾ ರಕ್ಕಮ್ಮ’ ಲಿರಿಕಲ್ ವಿಡಿಯೊ ಬಂದಾಗ ಅದರ ಹೆಜ್ಜೆಯನ್ನು ಮೊದಲು ದೂರ ಒಯ್ದದ್ದು ರೀಲ್ಸ್ ಮಾಡಿದವರು. ಸಿನಿಮಾ ಬಂದದ್ದು ಆಮೇಲೆ. 2024ರ ‘ಕೃಷ್ಣಂ ಪ್ರಣಯ ಸಖಿ’ಯ ‘ದ್ವಾಪರ’ ಕೂಡ ಮದುವೆ ಮನೆಗಳಿಗೆ ಇದೇ ದಾರಿಯಲ್ಲಿ ಹೊಕ್ಕಿತು. ಇಲ್ಲಿ ಪ್ರೇಕ್ಷಕರು ಬರೀ ನೋಡುವವರಲ್ಲ, ಹಾಡಿನ ಹೊಸ ವಿಡಿಯೊ ಮಾಡುವವರೂ ಅವರೇ. ಎಂಟಿವಿ ಕಾಲದಲ್ಲಿ ವಿಡಿಯೊ ತಾರೆಯನ್ನು ಎಟುಕದ ಎತ್ತರದಲ್ಲಿ ಇಡುತ್ತಿತ್ತು. ಈಗ ಅನುಕರಿಸಲು ಆಗುವಷ್ಟು ಹತ್ತಿರ ತಂದು ನಿಲ್ಲಿಸಬೇಕು.

ಯಾವ ನೋಟ ನೋಟ?

ಬಾಗಿಲು ಬದಲಾದ ಮೇಲೆ ಯಶಸ್ಸಿನ ಅಳತೆಗೋಲೂ ಬದಲಾಗಲೇಬೇಕು. 2012ರ ಡಿಸೆಂಬರ್ 21ರಂದು ಕೊರಿಯಾದ ‘ಗಂಗ್ನಮ್ ಸ್ಟೈಲ್’ ಯೂಟ್ಯೂಬ್‌ನಲ್ಲಿ ನೂರು ಕೋಟಿ ವೀಕ್ಷಣೆ ಮುಟ್ಟಿದ ಮೊದಲ ವಿಡಿಯೊ ಆಯಿತು. ಎರಡು ತಿಂಗಳಲ್ಲಿ, 2013ರ ಫೆಬ್ರುವರಿಯಲ್ಲಿ, ಬಿಲ್‌ಬೋರ್ಡ್ ತನ್ನ ಪ್ರಮುಖ ಹಾಡಿನ ಪಟ್ಟಿಗೆ ಯೂಟ್ಯೂಬ್ ಲೆಕ್ಕವನ್ನು ಸೇರಿಸಿಕೊಂಡಿತು. ಸೇರಿಸಿದ ಕೂಡಲೇ ಮೊದಲ ಸ್ಥಾನಕ್ಕೆ ಏರಿದ್ದು ‘ಹಾರ್ಲೆಮ್ ಶೇಕ್’. ಅದನ್ನು ಮೇಲೆತ್ತಿದ್ದು ಅಧಿಕೃತ ವಿಡಿಯೊ ಅಲ್ಲ, ಆ ಹಾಡಿಗೆ ಜನ ಸಾವಿರಾರು ಸಂಖ್ಯೆಯಲ್ಲಿ ಮಾಡಿ ಹಾಕಿದ ಅರ್ಧ ನಿಮಿಷದ ಕುಣಿತಗಳು.

ಅಂದಿನಿಂದಲೇ ಎಣಿಕೆಯ ಮೇಲೆ ಅನುಮಾನವೂ ಶುರು. 2019ರ ಜುಲೈನಲ್ಲಿ ಬಾದ್‌ಶಾ ಅವರ ‘ಪಾಗಲ್’ ವಿಡಿಯೊ 24 ಗಂಟೆಯಲ್ಲಿ ಏಳೂವರೆ ಕೋಟಿ ವೀಕ್ಷಣೆ ಕಂಡು ಜಾಗತಿಕ ದಾಖಲೆ ಮಾಡಿತು ಎಂದು ಅದರ ಕಂಪನಿ ಘೋಷಿಸಿತು. ವಿಡಿಯೊವನ್ನು ಜಾಹೀರಾತಿನ ರೂಪದಲ್ಲೂ ಹರಿಬಿಡಲಾಗಿತ್ತು. ಯೂಟ್ಯೂಬ್ ಆ ದಾಖಲೆಗೆ ಚಪ್ಪಾಳೆ ತಟ್ಟಲಿಲ್ಲ. ಸೆಪ್ಟೆಂಬರ್‌ನಲ್ಲಿ ನಿಯಮವನ್ನೇ ಬದಲಿಸಿ, ದುಡ್ಡು ಕೊಟ್ಟು ತೋರಿಸಿದ ನೋಟಗಳನ್ನು 24 ಗಂಟೆಯ ದಾಖಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದಿತು.

ಅಂದು ‘ಎಲ್ಲ ನೋಟವೂ ಒಂದೇ ಅಲ್ಲ’ ಎಂದ ಯೂಟ್ಯೂಬೇ ಇಂದು ಬಿಲ್‌ಬೋರ್ಡ್ ಮುಂದೆ ‘ಎಲ್ಲ ನೋಟಕ್ಕೂ ಒಂದೇ ತೂಕ’ ಎನ್ನುತ್ತಿದೆ. ಎರಡು ಸಂದರ್ಭ ಬೇರೆ, ಒಪ್ಪಬೇಕು: ದುಡ್ಡು ಕೊಟ್ಟು ಎಳೆತಂದ ನೋಟ ಬೇರೆ, ತಾನಾಗಿ ಬಂದು ಪುಕ್ಕಟೆ ನೋಡಿದ್ದು ಬೇರೆ. ಆದರೂ ಅಳತೆಗೋಲು ಹಿಡಿದವರಿಗೆ ತಮ್ಮ ಸರಕು ಉದ್ದವಾಗಿ ಕಾಣಬೇಕೆಂಬ ಆಸೆ ಇರುವುದು ಎರಡೂ ಕಡೆ ಸ್ಪಷ್ಟ. ಬಿಲ್‌ಬೋರ್ಡ್ ವಾದದಲ್ಲೂ ಒಂದು ತೂತಿದೆ. ಚಂದಾ ಕಟ್ಟುವವರ ರುಚಿಗೆ ಹೆಚ್ಚು ತೂಕ ಕೊಟ್ಟರೆ ಪಟ್ಟಿ ಹೇಳುವುದು ಜನಪ್ರಿಯತೆಯನ್ನೋ ಜೇಬಿನ ಗಾತ್ರವನ್ನೋ?

ಕನ್ನಡಕ್ಕೆ ಇದು ದೂರದ ಜಗಳದಂತೆ ಕಂಡರೂ ಪ್ರಶ್ನೆ ನಮ್ಮದೇ. ಇಲ್ಲಿ ಹಾಡು ನೋಡುವವರಲ್ಲಿ ಬಹುಪಾಲು ಜನ ಪುಕ್ಕಟೆ ನೋಡುವವರು. ಹಾಡಿನ ಗೆಲುವನ್ನು ಸಾರುವ ಪೋಸ್ಟರುಗಳಲ್ಲಿ ‘ಇಷ್ಟು ಮಿಲಿಯನ್’ ಎಂಬ ಒಂದೇ ಅಂಕಿ ಇರುತ್ತದೆ. ಅದರಲ್ಲಿ ಜಾಹೀರಾತಿನಿಂದ ಬಂದದ್ದೆಷ್ಟು, ಪೂರ್ತಿ ಹಾಡು ನೋಡಿದ್ದೆಷ್ಟು, ಮಗುವಿಗೆ ಊಟ ಮಾಡಿಸಲು ಹಾಕಿದ್ದೇ ಹಾಕಿದ್ದೆಷ್ಟು ಎಂಬುದನ್ನು ಆ ಅಂಕಿ ಬಿಡಿಸಿ ಹೇಳುವುದಿಲ್ಲ.

ಮುಂದೇನಾಗಬಹುದು

ಕೆಲವು ಪರಿಣಾಮಗಳನ್ನು ಈಗಲೇ ಊಹಿಸಬಹುದು. ಯೂಟ್ಯೂಬ್ ಲೆಕ್ಕ ಪಟ್ಟಿಗೆ ಸೇರದಿದ್ದರೆ ಅಮೆರಿಕದ ಕಂಪನಿಗಳಿಗೆ ದುಬಾರಿ ವಿಡಿಯೊ ಮಾಡಿಸಲು ಇದ್ದ ಒಂದು ಕಾರಣ ಕಡಿಮೆಯಾಗುತ್ತದೆ. ವಿಡಿಯೊ ನಿಲ್ಲುವುದಿಲ್ಲ, ಹಣ ಹಂಚಿಹೋಗುತ್ತದೆ: ಒಂದು ದೊಡ್ಡ ವಿಡಿಯೊ ಬದಲು ಅದೇ ಹಾಡಿಗೆ ಸ್ಟುಡಿಯೊ ರೂಪ, ಅಕ್ಷರದ ರೂಪ, ಕುಣಿತ ಕಲಿಸುವ ರೂಪ, ನಿಂತ ಪರದೆಯ ರೂಪ. ಕನ್ನಡದಲ್ಲಿ ಇದು ಆಗಲೇ ನಡೆಯುತ್ತಿರುವುದರಿಂದ ನಮಗೆ ಆಘಾತವೇನಿಲ್ಲ.

ಪೆಟ್ಟು ಬೀಳುವುದು ನಿಧಾನಕ್ಕೆ ಅರಳುವ ಹಾಡುಗಳಿಗೆ. ಭಾವಗೀತೆಯ ಗುಣವುಳ್ಳ, ಎರಡನೇ ಚರಣದಲ್ಲಿ ತಿರುವು ತೆಗೆದುಕೊಳ್ಳುವ ಹಾಡಿಗೆ ಹದಿನೈದು ಸೆಕೆಂಡಿನಲ್ಲಿ ಹೇಳಿಕೊಳ್ಳಲು ಏನೂ ಇರುವುದಿಲ್ಲ. ಅಂಥವು ಬದುಕಿ ಉಳಿಯುವುದು ದೃಶ್ಯವೊಂದು ಅವುಗಳ ಕೈ ಹಿಡಿದರೆ ಮಾತ್ರ, ಪೆನ್ಸಿಲ್ ಗೆರೆಯ ಹುಡುಗ ಹಿಡಿದ ಹಾಗೆ.

ಸದ್ಯಕ್ಕೆ ಬದಲಾವಣೆ ಎದ್ದು ಕಾಣುವುದು ಚಿತ್ರೀಕರಣದ ಮಾನಿಟರಿನಲ್ಲಿ. ಅಡ್ಡ ಚೌಕಟ್ಟಿನ ನಡುವೆ ಮೇಲಿನಿಂದ ಕೆಳಕ್ಕೆ ಎರಡು ತೆಳು ಗೆರೆ ಹಾಕಿಕೊಂಡಿರುತ್ತಾರೆ. ಗೆರೆಗಳ ಒಳಗಿನದ್ದು ಫೋನಿಗೆ, ಪೂರ್ತಿ ಚೌಕಟ್ಟು ಚಿತ್ರಮಂದಿರಕ್ಕೆ. ನೃತ್ಯ ನಿರ್ದೇಶಕರು ನಾಯಕನನ್ನೂ ನಾಯಕಿಯನ್ನೂ ಒಂದಡಿ ಹತ್ತಿರ ಬನ್ನಿ ಎನ್ನುತ್ತಾರೆ. ಗೆರೆಯಾಚೆ ಎರಡೂ ಬದಿಗೆ ನಿಂತ ಸಹನರ್ತಕರು ಬೆಳಗಿನಿಂದ ಕಲಿತ ಹೆಜ್ಜೆಯನ್ನು ತಪ್ಪದೆ ಹಾಕುತ್ತಿರುತ್ತಾರೆ.